ಶುರು ಮಾಡಿದ ಮಾತ್ರೆ ನಿಲ್ಲಿಸುವವರು ಯಾರು? ಚೀಟಿ ಬರೆಯುವ ಎಲ್ಲರಿಗೂ ಒಂದು ಬಹಿರಂಗ ಪತ್ರ

ಔಷಧಿ ಚೀಟಿ ಬರೆಯುವ ಎಲ್ಲ ಡಾಕ್ಟರುಗಳಿಗೆ, ಆಸ್ಪತ್ರೆ ನಡೆಸುವವರಿಗೆ, ಆರೋಗ್ಯದ ನಿಯಮ ಮಾಡುವವರಿಗೆ,

ನಮಸ್ಕಾರ.

ನಾನು ಬದುಕಿದ್ದೇನೆ. ಮೊದಲು ಅದಕ್ಕೆ ಥ್ಯಾಂಕ್ಸ್ ಹೇಳಿಬಿಡುತ್ತೇನೆ, ಯಾಕಂದ್ರೆ ಮುಂದೆ ಓದುತ್ತಾ ಹೋದ ಹಾಗೆ ಇವಳು ಬರೀ ದೂರುವುದಕ್ಕೇ ಕೂತವಳು ಅಂತ ನಿಮಗೆ ಅನ್ನಿಸಬಹುದು. ಐದು ವರ್ಷದ ಹಿಂದೆ ನನಗೆ ಸ್ತನ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಆಯಿತು. ಕೊನೆಯ ರೇಡಿಯೇಷನ್ ದಿನ ಎಲ್ಲರೂ ಕೈ ಕುಲುಕಿದರು. ನಾನು ಅತ್ತೆ. ಆ ಕಥೆ ಎಲ್ಲರೂ ಹೇಳುತ್ತಾರೆ, ನಾನು ಮತ್ತೆ ಹೇಳುವುದಿಲ್ಲ.

ನಾನು ಹೇಳಬೇಕಾಗಿರುವುದು ಅದರ ಆಮೇಲಿನ ಕಥೆ. ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಯಾಕೆ ಅಂತಾರಲ್ವಾ, ನನ್ನ ವಿಷಯದಲ್ಲಿ ಅದು ಉಲ್ಟಾ ಆಯಿತು. ದಾಟಿಸಿದ ಅಂಬಿಗರೇ ನನ್ನನ್ನು ದಡದಲ್ಲಿ ಇಳಿಸಿ ಮುಂದಿನವರನ್ನು ಕರೆತರಲು ಹೊರಟರು. ತಪ್ಪು ಅಂತ ಹೇಳುತ್ತಿಲ್ಲ, ಆ ಕಡೆ ದಡದಲ್ಲಿ ಜನ ಕಾಯುತ್ತಿದ್ದಾರೆ, ನನಗೂ ಗೊತ್ತು. ಆದರೆ ಇಳಿಯುವಾಗ ನನ್ನ ಕೈಯಲ್ಲಿ ಒಂದು ಚೀಲ ಇತ್ತು. ಆ ಚೀಲ ವರ್ಷ ವರ್ಷ ಭಾರ ಆಗುತ್ತಾ ಹೋಯಿತು.

ಚೀಲದಲ್ಲಿ ಏನಿತ್ತು ಅಂತ ಹೇಳುತ್ತೇನೆ. ಕ್ಯಾನ್ಸರ್ ಮತ್ತೆ ಬರಬಾರದು ಅಂತ ಲೆಟ್ರೊಜೋಲ್. ಇದು ಬೇಕೇ ಬೇಕು, ಅದರಲ್ಲಿ ಮಾತಿಲ್ಲ. ಹಳೇ ಥೈರಾಯ್ಡ್ ಮಾತ್ರೆ ಮೊದಲಿಂದ ಇತ್ತು. ಲೆಟ್ರೊಜೋಲ್ ಮೂಳೆ ಸವೆಸುತ್ತದೆ ಅಂತ ಕ್ಯಾಲ್ಸಿಯಂ, ವಿಟಮಿನ್ ಡಿ ಸೇರಿದ ಒಂದು ದೊಡ್ಡ ಮಾತ್ರೆ, ಜೊತೆಗೆ ವಾರಕ್ಕೊಮ್ಮೆ ನುಂಗುವ ಮೂಳೆ ಮಾತ್ರೆ. ಅದೇ ಲೆಟ್ರೊಜೋಲಿಂದ ಬೆರಳು, ಮಂಡಿ ಎಲ್ಲ ಹಿಡಿದುಕೊಂಡು ಬೆಳಿಗ್ಗೆ ಬಾಟಲಿ ಮುಚ್ಚಳ ತೆಗೆಯುವುದೂ ಕಷ್ಟ ಆಯಿತು, ಅದಕ್ಕೆ ನೋವಿನ ಮಾತ್ರೆ. ನೋವಿನ ಮಾತ್ರೆಗೆ ಹೊಟ್ಟೆ ಉರಿ, ಅದಕ್ಕೆ ಗ್ಯಾಸ್ ಮಾತ್ರೆ, ಆಮೇಲೆ ಬೇರೆ ಡಾಕ್ಟರು ಬರೆದ ಇನ್ನೊಂದು ಗ್ಯಾಸ್ ಮಾತ್ರೆ. ಕೀಮೋ ಮುಗಿದರೂ ಪಾದದಲ್ಲಿ ಜೋಮು, ಸೂಜಿ ಚುಚ್ಚಿದ ಹಾಗೆ, ಅದಕ್ಕೆ ಪ್ರಿಗ್ಯಾಬಲಿನ್, ಜೊತೆಗೆ ಬಿ12. ಒಂದು ದಿನ ಬಿಪಿ ನೋಡಿದರು, ಜಾಸ್ತಿ ಇತ್ತು. ಅದಕ್ಕೆ ಆಮ್ಲೋಡಿಪಿನ್. ಎರಡು ತಿಂಗಳಿಗೆ ಕಾಲು ಊದಿಕೊಂಡಿತು. ಅದಕ್ಕೆ ನೀರು ಹೋಗುವ ಮಾತ್ರೆ. ನೀರು ಹೋಗುವ ಮಾತ್ರೆಯಿಂದ ರಾತ್ರಿ ಮೂರು ಸಲ, ನಾಲ್ಕು ಸಲ ಎದ್ದು ಬಚ್ಚಲಿಗೆ ಓಡಾಟ, ನಿದ್ದೆ ಹಾಳು. ಅದಕ್ಕೆ ನಿದ್ದೆ ಮಾತ್ರೆ. ನಡುವೆ ಯಾವಾಗಲೋ ಕೊಲೆಸ್ಟ್ರಾಲ್‌ಗೆ ಒಂದು ಸೇರಿಕೊಂಡಿತು. ಎಣಿಸಿದರೆ 13.

ಓದುವಾಗ ನಗು ಬರುತ್ತದೆ, ಅಲ್ವಾ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಆದರೆ ಇದರಲ್ಲಿ ಒಬ್ಬ ಡಾಕ್ಟರೂ ಪೆದ್ದುತನ ಮಾಡಲಿಲ್ಲ ನೋಡಿ. ಪ್ರತಿಯೊಬ್ಬರೂ ತಮ್ಮ ಮುಂದಿದ್ದ ತೊಂದರೆಗೆ ಪುಸ್ತಕದಲ್ಲಿರುವ ಹಾಗೆ ಔಷಧಿ ಬರೆದರು. ನೋವಿನ ಮಾತ್ರೆ ಬಿಪಿ ಏರಿಸುತ್ತದೆ. ಆಮ್ಲೋಡಿಪಿನ್ ಕಾಲು ಊದಿಸುತ್ತದೆ. ಪ್ರಿಗ್ಯಾಬಲಿನ್ ಕೂಡ ಕಾಲು ಊದಿಸುತ್ತದೆ. ಇದ್ಯಾವುದೂ ಗುಟ್ಟಲ್ಲ, ಮಾತ್ರೆ ಡಬ್ಬಿಯೊಳಗೆ ಮಡಚಿಟ್ಟ ಆ ಸಣ್ಣ ಅಕ್ಷರದ ಕಾಗದದಲ್ಲೇ ಇದೆ. ಹೀಗೆ ಒಂದು ಔಷಧಿಯ ಸೈಡ್ ಎಫೆಕ್ಟನ್ನು ಹೊಸ ಕಾಯಿಲೆ ಅಂದುಕೊಂಡು ಇನ್ನೊಂದು ಔಷಧಿ ಕೊಡುವುದಕ್ಕೆ ನಿಮ್ಮಲ್ಲೇ ಒಂದು ಹೆಸರಿದೆ, ಪ್ರಿಸ್ಕ್ರೈಬಿಂಗ್ ಕ್ಯಾಸ್ಕೇಡ್ ಅಂತ. 1997ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಬ್ಬರು ಡಾಕ್ಟರುಗಳು ಇದನ್ನು ಬಿಡಿಸಿ ಬರೆದಿದ್ದಾರೆ. ಅಂದರೆ ನನಗೆ ಕ್ಯಾನ್ಸರ್ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ನನ್ನ ಚೀಲದ ಕಥೆಯನ್ನು ಬರೆದಿಟ್ಟಿದ್ದರು.

ಈಗ ನನ್ನ ಒಂದು ದಿನ ಹೇಗಿತ್ತು ಅಂತ ನೋಡಿ.

ಬೆಳಿಗ್ಗೆ 6ಕ್ಕೆ ಥೈರಾಯ್ಡ್ ಮಾತ್ರೆ, ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ. ಅರ್ಧದಿಂದ ಒಂದು ಗಂಟೆ ಏನೂ ತಿನ್ನುವ ಹಾಗಿಲ್ಲ. ಗ್ಯಾಸ್ ಮಾತ್ರೆ ತಿಂಡಿಗೆ ಅರ್ಧ ಗಂಟೆ ಮುಂಚೆ. ನೋವಿನ ಮಾತ್ರೆ ತಿಂಡಿ ಆದ ಮೇಲೆ. ಕ್ಯಾಲ್ಸಿಯಂ ಊಟದ ಜೊತೆ, ಆದರೆ ಥೈರಾಯ್ಡ್ ಮಾತ್ರೆ ನುಂಗಿ 4 ಗಂಟೆ ಆಗಿರಬೇಕು, ಇಲ್ಲದಿದ್ದರೆ ಕ್ಯಾಲ್ಸಿಯಂ ಅದನ್ನು ಹಿಡಿದಿಟ್ಟುಕೊಂಡು ಮೈಗೆ ಸೇರಲು ಬಿಡುವುದಿಲ್ಲ. ವಾರಕ್ಕೊಮ್ಮೆಯ ಮೂಳೆ ಮಾತ್ರೆ ಇನ್ನೂ ಜೋರು. ಅದಕ್ಕೂ ಖಾಲಿ ಹೊಟ್ಟೆಯೇ ಬೇಕು, ಒಂದು ಲೋಟ ತುಂಬಾ ನೀರು ಬೇಕು, ನುಂಗಿದ ಮೇಲೆ ಅರ್ಧ ಗಂಟೆ ಮಲಗುವ ಹಾಗಿಲ್ಲ, ಬೇರೆ ಯಾವ ಮಾತ್ರೆಯೂ ಜೊತೆಗೆ ಇರುವ ಹಾಗಿಲ್ಲ. ಹಾಗಾದರೆ ಆ ದಿನ ಥೈರಾಯ್ಡ್ ಮಾತ್ರೆ ಯಾವಾಗ? ಎರಡೂ ಖಾಲಿ ಹೊಟ್ಟೆ ಕೇಳುತ್ತವೆ, ನನಗಿರುವುದು ಒಂದೇ ಹೊಟ್ಟೆ. ಇದನ್ನು ನಾನು ಇಬ್ಬರು ಡಾಕ್ಟರನ್ನು ಕೇಳಿದೆ. ಒಬ್ಬರು ಥೈರಾಯ್ಡ್ ಡಾಕ್ಟರನ್ನು ಕೇಳಿ ಅಂದರು. ಥೈರಾಯ್ಡ್ ಡಾಕ್ಟರು ಅದು ಮೂಳೆ ಮಾತ್ರೆ ಕೊಟ್ಟವರನ್ನು ಕೇಳಿ ಅಂದರು. ನಾನು ವಾರಕ್ಕೊಂದು ದಿನ ಥೈರಾಯ್ಡ್ ಬಿಟ್ಟುಬಿಡುತ್ತಿದ್ದೆ. ಸರಿಯೋ ತಪ್ಪೋ, ಸುಮ್ನೆ ಬಿಟ್ಟುಬಿಡುತ್ತಿದ್ದೆ.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅಲಮಾರಿ ಬಾಗಿಲಿಗೆ ಅಂಟಿಸಿದ್ದೆ. ಮನೆಯಿಂದ ಹೊರಗೆ ಹೋಗಬೇಕೆಂದರೆ ಮೊದಲು ಹಾಳೆ ನೋಡಬೇಕು. ಯಾರಾದರೂ ಬೆಳಿಗ್ಗೆ ಬೇಗ ಹೊರಡೋಣ ಅಂದರೆ ನನಗೆ ಮೊದಲು ಬರುವ ಯೋಚನೆ ಜಾಗದ್ದಲ್ಲ, ಮಾತ್ರೆಯದು. ಕ್ಯಾನ್ಸರ್ ಮುಗಿದು ಎರಡು ವರ್ಷ ಆಗಿತ್ತು, ಆದರೂ ನಾನು ದಿನದಲ್ಲಿ ಆರು ಸಲ ಪೇಷಂಟ್ ಆಗುತ್ತಿದ್ದೆ.

ಇನ್ನೊಂದು ಸಣ್ಣ ವಿಷಯ ಇದೆ, ಸಣ್ಣದು ಅಂತ ದಯವಿಟ್ಟು ಹಾರಿಸಬೇಡಿ. ಮಾತ್ರೆ ಸ್ಟ್ರಿಪ್ ಕತ್ತರಿಸಿ ಕೊಡುತ್ತಾರಲ್ವಾ, ಆಗ ಹೆಸರು ಒಂದು ತುಂಡಿಗೆ ಹೋಗುತ್ತದೆ, ಎಕ್ಸ್‌ಪೈರಿ ಇನ್ನೊಂದಕ್ಕೆ. ನನ್ನ ಕೈಗೆ ಬರುವುದು ಬೆಳ್ಳಿ ಕಾಗದದಲ್ಲಿ ನಾಲ್ಕು ಬಿಳಿ ಮಾತ್ರೆ, ಹಿಂದೆ ಅರ್ಧ ಹೆಸರು. ಬಿಪಿ ಮಾತ್ರೆಯೂ ಬಿಳಿ, ಸಣ್ಣ, ಗುಂಡಗೆ. ನೀರು ಹೋಗುವ ಮಾತ್ರೆಯೂ ಬಿಳಿ, ಸಣ್ಣ, ಗುಂಡಗೆ. ಬೆರಳಿಗೆ ಜೋಮು ಇದ್ದವಳಿಗೆ ರಾತ್ರಿ ಹೊತ್ತು ಮಂದ ಬೆಳಕಲ್ಲಿ ಇವೆರಡರ ವ್ಯತ್ಯಾಸ ಹೇಳು ಅಂದರೆ ಹೇಗೆ? ಪ್ರತಿ ಮಾತ್ರೆಯ ಹಿಂದೆಯೂ ಹೆಸರು ಅಚ್ಚು ಹಾಕುವುದು ರಾಕೆಟ್ ವಿಜ್ಞಾನ ಏನಲ್ಲ.

ನಿದ್ದೆ ಮಾತ್ರೆ ಶುರುವಾಗಿ ಆರು ವಾರಕ್ಕೆ ನಾನು ಬಚ್ಚಲಲ್ಲಿ ಬಿದ್ದೆ. ರಾತ್ರಿ ಎರಡೂವರೆ ಇರಬೇಕು. ನೀರು ಹೋಗುವ ಮಾತ್ರೆ ಎಬ್ಬಿಸಿತು, ನಿದ್ದೆ ಮಾತ್ರೆ ಏಳಲು ಬಿಡಲಿಲ್ಲ, ಪ್ರಿಗ್ಯಾಬಲಿನ್ ತಲೆ ತಿರುಗಿಸಿತು, ಜೋಮು ಹಿಡಿದ ಪಾದಕ್ಕೆ ನೆಲ ಎಲ್ಲಿದೆ ಅಂತ ಗೊತ್ತಾಗಲಿಲ್ಲ. ಮೂಳೆ ಮೊದಲೇ ಸವೆದಿತ್ತು. ಬಲಗೈ ಮಣಿಕಟ್ಟು ಮುರಿಯಿತು. ಎಮರ್ಜೆನ್ಸಿಯಲ್ಲಿ ಬ್ಯಾಂಡೇಜ್ ಕಟ್ಟಿ ಏನು ಕೊಟ್ಟರು ಗೊತ್ತಾ? ಇನ್ನೊಂದು ನೋವಿನ ಮಾತ್ರೆ. ಏನೇನು ತಗೊಳ್ತಾ ಇದ್ದೀರಿ ಅಂತ ಕೇಳಿದರು, ನಿಜ. ನಾನು ಹೇಳಲು ಶುರು ಮಾಡಿದೆ. ಐದನೆಯದಕ್ಕೆ ಬರುವಷ್ಟರಲ್ಲಿ ಅವರು ಬರೆಯುವುದು ನಿಲ್ಲಿಸಿದ್ದರು.

ನಿದ್ದೆ ಮಾತ್ರೆ ಬಗ್ಗೆ ಆಮೇಲೆ ನಾನೇ ಓದಿಕೊಂಡೆ. ನನಗೆ ಕೊಟ್ಟಿದ್ದು ಜೋಲ್ಪಿಡೆಮ್, 10 ಮಿಲಿಗ್ರಾಂ. ಹೆಂಗಸರ ಮೈಯಿಂದ ಅದು ನಿಧಾನವಾಗಿ ಹೋಗುತ್ತದೆ, ಬೆಳಿಗ್ಗೆಯೂ ಮಂಪರು ಉಳಿಯುತ್ತದೆ ಅಂತ 2013ರಲ್ಲೇ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೆಂಗಸರಿಗೆ ಡೋಸ್ ಅರ್ಧಕ್ಕೆ, ಅಂದರೆ 5 ಮಿಲಿಗ್ರಾಂಗೆ ಇಳಿಸಿ ಅಂತ ಹೇಳಿತ್ತು. ನನಗೆ ಸಿಟ್ಟು ಬಂದದ್ದು ಡೋಸಿಗಲ್ಲ. ಇದನ್ನು ತಿಳಿದುಕೊಳ್ಳಲು ನಾನು ಎಡಗೈಯಲ್ಲಿ ಫೋನ್ ಹಿಡಿದು ರಾತ್ರಿಯೆಲ್ಲ ಕೂರಬೇಕಾಯಿತಲ್ಲ, ಅದಕ್ಕೆ.

ಒಂದು ಲೆಕ್ಕ ಹೇಳುತ್ತೇನೆ, ಮಕ್ಕಳೂ ಮಾಡಬಹುದಾದ ಲೆಕ್ಕ. 5 ಮಾತ್ರೆ ಇದ್ದರೆ ಅವುಗಳ ನಡುವೆ 10 ಜೋಡಿ. 13 ಮಾತ್ರೆ ಇದ್ದರೆ 78 ಜೋಡಿ. ಇವೆಲ್ಲ ಒಂದಕ್ಕೊಂದು ಜಗಳ ಆಡುತ್ತವೆ ಅಂತಲ್ಲ. ಎಷ್ಟೋ ಜೋಡಿಗಳು ಸುಮ್ನೆ ಇರುತ್ತವೆ. ಆದರೆ ಯಾವುದು ಸುಮ್ನಿದೆ, ಯಾವುದು ಇಲ್ಲ ಅಂತ ಒಬ್ಬರಾದರೂ ಕೂತು ನೋಡಬೇಕಲ್ವಾ? ಒಂದೊಂದು ಔಷಧಿಯನ್ನೂ ಪ್ರಯೋಗ ಮಾಡಿ ನೋಡಿರುತ್ತಾರೆ, ಒಪ್ಪಿದೆ. ನನ್ನ ಈ 13ನ್ನೂ ಒಟ್ಟಿಗೆ ಕೊಟ್ಟು ನೋಡಿದ ಪ್ರಯೋಗ ಒಂದೇ. ಅದು ನನ್ನ ಮೈ.

ಸಾಮಾನ್ಯವಾಗಿ 5 ಅಥವಾ ಅದಕ್ಕಿಂತ ಜಾಸ್ತಿ ಔಷಧಿ ದಿನಾ ತಗೊಳ್ಳುವುದಕ್ಕೆ ಪಾಲಿಫಾರ್ಮಸಿ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿಯಿಂದ ಆಗುವ ಹಾನಿ ತಡೆಯೋಣ ಅಂತ ಒಂದು ಅಭಿಯಾನ ಶುರು ಮಾಡಿತು. ಮುಖ್ಯವಾಗಿ ನೋಡಬೇಕಾದ್ದು ಮೂರು ಅಂತ ಹೇಳಿತು: ಅಪಾಯ ಜಾಸ್ತಿ ಇರುವ ಸಂದರ್ಭಗಳು, ಪಾಲಿಫಾರ್ಮಸಿ, ಮತ್ತು ಪೇಷಂಟ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಹೊತ್ತು. ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರನ್ನು ಈ ಪಟ್ಟಿ ಜೊತೆ ಇಟ್ಟು ನೋಡಿ. ಮೂರೂ ನಾವೇ. ಕ್ಯಾನ್ಸರ್ ಔಷಧಿ ಅಪಾಯದ್ದು, ಚೀಲ ದೊಡ್ಡದು, ಕ್ಯಾನ್ಸರ್ ಡಾಕ್ಟರಿಂದ ಮಾಮೂಲಿ ಡಾಕ್ಟರ ಹತ್ತಿರ ಹೋಗುವ ದಾರಿಯಲ್ಲಿ ನಮ್ಮ ಕೈ ಹಿಡಿದವರು ಯಾರೂ ಇಲ್ಲ.

ನನ್ನದು ಬರೀ ಮಣಿಕಟ್ಟು ಮುರಿದ ಕಥೆ. ಇದಕ್ಕಿಂತ ಗಂಭೀರವಾದದ್ದೂ ಇವೆ. ಸ್ತನ ಕ್ಯಾನ್ಸರ್ ಮತ್ತೆ ಬರದಿರಲಿ ಅಂತ ಕೊಡುವ ಟ್ಯಾಮಾಕ್ಸಿಫೆನ್ ನುಂಗುವವರ ಮೈಯಲ್ಲಿ ಅದು ಲಿವರಿನ ಒಂದು ಕಿಣ್ವದಿಂದ ಕೆಲಸ ಮಾಡುವ ರೂಪಕ್ಕೆ ಬರಬೇಕು. ಮನಸ್ಸು ಕುಗ್ಗಿದೆ ಅಂತ ಕೊಡುವ ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್ ಅದೇ ಕಿಣ್ವವನ್ನು ಕಟ್ಟಿಹಾಕುತ್ತವೆ. ಅದೇ ಜಾಗದಲ್ಲಿ ಈ ತೊಂದರೆ ಅಷ್ಟಾಗಿ ಮಾಡದ ಬೇರೆ ಮಾತ್ರೆಗಳಿವೆ. ಆಯ್ಕೆ ಇದೆ, ಆದರೆ ಮನಸ್ಸಿನ ಡಾಕ್ಟರಿಗೆ ಟ್ಯಾಮಾಕ್ಸಿಫೆನ್ ವಿಷಯ ಗೊತ್ತಿರಬೇಕು. ಕೆಪೆಸಿಟಾಬಿನ್ ಅನ್ನುವ ಕೀಮೋ ಮಾತ್ರೆ ನುಂಗುತ್ತಾ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಕೂಡ ತಗೊಳ್ಳುವವರಿಗೆ ರಕ್ತಸ್ರಾವ ಆಗಿದೆ, ಪ್ರಾಣವೂ ಹೋಗಿದೆ. ಎರ್ಲೋಟಿನಿಬ್ ತರಹದ ಕ್ಯಾನ್ಸರ್ ಮಾತ್ರೆ ಕರಗಲು ಹೊಟ್ಟೆಯಲ್ಲಿ ಹುಳಿ ಬೇಕು, ನಾವು ನೋಡಿದರೆ ಹುಳಿ ಇಳಿಸುವ ಗ್ಯಾಸ್ ಮಾತ್ರೆಯನ್ನು ನೀರು ಕುಡಿದ ಹಾಗೆ ನುಂಗುತ್ತೇವೆ. ಇಲ್ಲಿ ತಪ್ಪು ನಮ್ಮದೂ ಇದೆ, ಒಪ್ಪಿಕೊಳ್ಳುತ್ತೇನೆ. ಗ್ಯಾಸ್ ಮಾತ್ರೆ ಮಾತ್ರೆಯೇ ಅಲ್ಲ ಅಂತ ನಾನೂ ಅಂದುಕೊಂಡಿದ್ದೆ. ಏನು ತಗೊಳ್ತಿದ್ದೀರಿ ಅಂತ ಕೇಳಿದಾಗ ಹೇಳುತ್ತಲೇ ಇರಲಿಲ್ಲ.

ಹಾಗೆಯೇ, ಈ ಪತ್ರ ಓದಿ "ನೋಡಿದ್ರಾ, ಇಂಗ್ಲಿಷ್ ಔಷಧಿ ಎಲ್ಲ ವಿಷ, ಬೇರು ನಾರು ಸಾಕು" ಅಂತ ಫಾರ್ವರ್ಡ್ ಮಾಡುವವರು ಇದ್ದರೆ, ದಯವಿಟ್ಟು ಇಲ್ಲೇ ನಿಲ್ಲಿಸಿ. ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡಮೂಲಿಕೆ ರಕ್ತದಲ್ಲಿ ಇಮ್ಯಾಟಿನಿಬ್ ಮಟ್ಟವನ್ನು ಇಳಿಸುತ್ತದೆ. ರಕ್ತದ ಕ್ಯಾನ್ಸರ್ ಹಿಡಿತದಲ್ಲಿಟ್ಟಿರುವ ಮಾತ್ರೆಯ ಬಲವನ್ನು ಒಂದು ಗಿಡದ ಪುಡಿ ಕಿತ್ತುಕೊಳ್ಳುತ್ತದೆ. ಅದೂ ಚೀಲಕ್ಕೆ ಸೇರಿದ್ದೇ. ಗಿಡದ್ದು ಅಂದ ಮಾತ್ರಕ್ಕೆ ಲೆಕ್ಕಕ್ಕಿಲ್ಲ ಅಂತಲ್ಲ.

ನನ್ನ ಚೀಲ ತೆರೆದು ನೋಡಿದ್ದು ಒಬ್ಬ ಡಾಕ್ಟರ್ ಅಲ್ಲ. ಒಬ್ಬ ಫಾರ್ಮಸಿಸ್ಟ್ ಹುಡುಗಿ. ಕೈ ಮುರಿದ ಮೇಲಿನ ಫಾಲೋ-ಅಪ್‌ಗೆ ಬೇರೆ ಕಡೆ ಹೋಗಿದ್ದೆ. ಅಲ್ಲಿ ಫೋನಿನಲ್ಲೇ ಹೇಳಿದ್ದರು, ಮನೆಯಲ್ಲಿರುವ ಎಲ್ಲ ಔಷಧಿ ಚೀಲದಲ್ಲಿ ಹಾಕಿಕೊಂಡು ಬನ್ನಿ, ಮುಲಾಮು, ಟಾನಿಕ್, ಪುಡಿ, ನಿಲ್ಲಿಸಿಬಿಟ್ಟದ್ದು, ಮುಗಿದುಹೋದದ್ದು, ಎಲ್ಲ. ಆಕೆ ಮೇಜಿನ ಮೇಲೆ ಚೀಲ ಸುರಿದರು. ಒಂದೊಂದೇ ಎತ್ತಿ ಹಿಡಿದು ಮೂರೇ ಪ್ರಶ್ನೆ. ಇದು ಯಾತಕ್ಕೆ ತಗೊಳ್ತೀರಿ ಅಮ್ಮ? ನಿಜವಾಗಿಯೂ ದಿನಾ ತಗೊಳ್ತೀರಾ? ತಗೊಂಡ ಮೇಲೆ ಏನನ್ನಿಸುತ್ತೆ?

ಮೊದಲ ಪ್ರಶ್ನೆಗೆ ನಾನು ನಾಲ್ಕು ಮಾತ್ರೆಗಳ ವಿಷಯದಲ್ಲಿ "ಗೊತ್ತಿಲ್ಲಮ್ಮ" ಅಂದೆ. ಎರಡನೆಯದಕ್ಕೆ ಮೊದಲ ಸಲ ನಿಜ ಹೇಳಿದೆ, ವಾರಕ್ಕೊಂದು ದಿನ ಥೈರಾಯ್ಡ್ ಬಿಡುವ ವಿಷಯ. ಬೈಯಲಿಲ್ಲ. ಬರೆದುಕೊಂಡರು. ಆಮೇಲೆ ಎರಡು ಸ್ಟ್ರಿಪ್ ಪಕ್ಕಪಕ್ಕ ಇಟ್ಟು ಕೆಳಗಿನ ಸಣ್ಣ ಅಕ್ಷರ ಓದಿ ಅಂದರು. ಎರಡೂ ಪ್ಯಾಂಟೊಪ್ರಜೋಲ್, ಅದೇ ಗ್ಯಾಸ್ ಮಾತ್ರೆ. ಬ್ರ್ಯಾಂಡ್ ಬೇರೆ, ಡಬ್ಬಿಯ ಬಣ್ಣ ಬೇರೆ, ಬರೆದ ಡಾಕ್ಟರ್ ಬೇರೆ, ಒಳಗೆ ಒಂದೇ ಔಷಧಿ. ಅಳಿಯ ಅಲ್ಲ ಮಗಳ ಗಂಡ! ಒಂದೂವರೆ ವರ್ಷ ಅಳಿಯನನ್ನೂ ಮಗಳ ಗಂಡನನ್ನೂ ಎರಡೂ ಹೊತ್ತು ನುಂಗಿದ್ದೆ. ತಮಾಷೆ ಏನೆಂದರೆ ಈ ಜಾತಿಯ ಗ್ಯಾಸ್ ಮಾತ್ರೆಗಳನ್ನು ವರ್ಷಗಟ್ಟಲೆ ತಗೊಂಡವರಲ್ಲಿ ಮೂಳೆ ಮುರಿತ ಜಾಸ್ತಿ ಕಂಡುಬಂದಿದೆ. ಒಂದು ಕೈಯಲ್ಲಿ ಮೂಳೆಗೆ ಔಷಧಿ, ಇನ್ನೊಂದು ಕೈಯಲ್ಲಿ ಇದು. ನನ್ನ ಮಣಿಕಟ್ಟು ಮುರಿಯಲು ಅದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಎರಡೆರಡು ಯಾಕೆ ಬೇಕಿತ್ತು ಅಂತ ಕೇಳುವ ಹಕ್ಕು ನನಗಿದೆ.

ಅಲ್ಲಿಂದ ಐದು ತಿಂಗಳು ಹಿಡಿಯಿತು. ಒಂದು ಸಲಕ್ಕೆ ಒಂದೇ ಮಾತ್ರೆ, ಅದೂ ಡಾಕ್ಟರ ಜೊತೆ ಮಾತಾಡಿ, ನಿಧಾನವಾಗಿ. ಈ "ನಿಧಾನವಾಗಿ" ಅನ್ನುವುದನ್ನು ನಾನು ದಪ್ಪ ಅಕ್ಷರದಲ್ಲಿ ಬರೆಯಬೇಕು, ಯಾಕಂದ್ರೆ ಈ ಪತ್ರ ಓದಿ ನನ್ನಂಥವರು ಯಾರೋ ಇವತ್ತೇ ರಾತ್ರಿ ಚೀಲ ಕಸದ ಬುಟ್ಟಿಗೆ ಸುರಿದರೆ ಆ ಪಾಪ ನನಗೆ. ಸ್ಟೆರಾಯ್ಡ್, ಕೆಲವು ಬಿಪಿ ಮಾತ್ರೆ, ಮನಸ್ಸಿನ ಮಾತ್ರೆ, ಪ್ರಿಗ್ಯಾಬಲಿನ್, ಇವನ್ನು ದಿಢೀರ್ ಅಂತ ನಿಲ್ಲಿಸಿದರೆ ಮೈ ತಿರುಗಿ ಬೀಳುತ್ತದೆ. ಕ್ಯಾನ್ಸರ್ ತಡೆಯುವ ಮಾತ್ರೆಯನ್ನಂತೂ ಕೇಳದೆ ಮುಟ್ಟಲೇಬೇಡಿ. ನನಗೆ ಬರೀ ಗ್ಯಾಸ್ ಮಾತ್ರೆ ನಿಲ್ಲಿಸಿದ್ದಕ್ಕೇ ಎರಡು ವಾರ ಎದೆ ಉರಿ ಮೊದಲಿಗಿಂತ ಜೋರಾಗಿ ಬಂತು. ಅದು ಕಾಯಿಲೆ ವಾಪಸ್ ಬಂದದ್ದಲ್ಲ, ಮಾತ್ರೆ ಹೋದ ಸಿಟ್ಟು, ಸ್ವಲ್ಪ ದಿನ ಇರುತ್ತದೆ ಅಂತ ಆಕೆ ಮೊದಲೇ ಹೇಳಿರದಿದ್ದರೆ ನಾನು ಮತ್ತೆ ಶುರು ಮಾಡಿಬಿಡುತ್ತಿದ್ದೆ. ಎಷ್ಟೋ ಜನ ಹಾಗೇ ಮಾಡಿ ಜೀವನಪೂರ್ತಿ ನುಂಗುತ್ತಾರೆ ಅಂತ ನನ್ನ ಅನುಮಾನ.

ಸರಪಳಿಯ ಮೊದಲ ಕೊಂಡಿ ಬಿಚ್ಚಿದ್ದು ಮುಖ್ಯ ಆಯಿತು. ಕೀಲು ನೋವಿಗೆ ಕ್ಯಾನ್ಸರ್ ಡಾಕ್ಟರು ಲೆಟ್ರೊಜೋಲ್ ಬದಲು ಅದೇ ಕೆಲಸ ಮಾಡುವ ಎಕ್ಸೆಮೆಸ್ಟೇನ್‌ಗೆ ಬದಲಾಯಿಸಿದರು. ವ್ಯಾಯಾಮ ಮಾಡಿ ಅಂದರು. ವ್ಯಾಯಾಮ ಅಂದಾಗ ನನಗೆ ರೇಗಿತು, ನೋವಿರುವವಳಿಗೆ ಓಡು ಅಂದ ಹಾಗೆ. ಆದರೆ ಇದೇ ಜಾತಿಯ ಮಾತ್ರೆಯಿಂದ ಕೀಲು ನೋವು ಬಂದ 121 ಹೆಂಗಸರ ಮೇಲೆ ಮಾಡಿದ ಒಂದು ಅಧ್ಯಯನ 2015ರಲ್ಲಿ ಪ್ರಕಟ ಆಗಿದೆ. ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂಥದ್ದು, ಎರಡು ದಿನ ತೂಕ ಎತ್ತುವುದು. ಅವರ ನೋವು ನಿಜವಾಗಿ ಇಳಿದಿತ್ತು. ನನಗೆ ಪೂರ್ತಿ ಹೋಗಲಿಲ್ಲ, ಆದರೆ ದಿನಾ ನೋವಿನ ಮಾತ್ರೆ ಬೇಕಾಗುವಷ್ಟು ಉಳಿಯಲೂ ಇಲ್ಲ. ನೋವಿನ ಮಾತ್ರೆ ಹೋಯಿತು, ಬಿಪಿ ತಾನಾಗಿ ಇಳಿಯಿತು. ಮನೆಯಲ್ಲಿ ಎರಡು ತಿಂಗಳು ದಿನಾ ಅಳೆದು ಬರೆದು ತೋರಿಸಿದ ಮೇಲೆ ಆಮ್ಲೋಡಿಪಿನ್ ಹೋಯಿತು. ಕಾಲಿನ ಊತ ಹೋಯಿತು, ನೀರಿನ ಮಾತ್ರೆ ಹೋಯಿತು. ರಾತ್ರಿ ಎದ್ದು ಓಡಾಡುವುದು ಹೋಯಿತು, ನಿದ್ದೆ ಮಾತ್ರೆ ಹೋಯಿತು. ಪೋಣಿಸಿದ ಮಣಿ ದಾರ ಕಿತ್ತ ಹಾಗೆ. ಈಗ 7 ಉಳಿದಿವೆ. ಪಾದದ ಜೋಮು ಹಾಗೇ ಇದೆ, ಅದಕ್ಕೆ ಪ್ರಿಗ್ಯಾಬಲಿನ್ ಕಡಿಮೆ ಡೋಸಿನಲ್ಲಿ ಉಳಿದಿದೆ, ಬಿ12 ಇದೆ. ಮೂಳೆ ಮಾತ್ರೆ ಇದೆ, ಅದರ ದಿನ ಥೈರಾಯ್ಡನ್ನು ರಾತ್ರಿ ಊಟ ಆಗಿ ಮೂರ್ನಾಲ್ಕು ಗಂಟೆ ಬಿಟ್ಟು ಮಲಗುವಾಗ ತಗೊಳ್ಳಬಹುದು ಅಂತ ಆಕೆಯೇ ಡಾಕ್ಟರನ್ನು ಕೇಳಿ ಹೇಳಿದರು. ಎರಡು ನಿಮಿಷದ ಉತ್ತರ. ಅದಕ್ಕೆ ನಾನು ಎರಡು ವರ್ಷ ಕಾದಿದ್ದೆ.

ಈಗ ನಿಮ್ಮ ಹತ್ತಿರ ನಾನು ಕೇಳುವುದು.

ಮಾತ್ರೆ ಶುರು ಮಾಡುವುದಕ್ಕೆ ಎಲ್ಲರಿಗೂ ಅಧಿಕಾರ ಇದೆ. ನಿಲ್ಲಿಸುವುದು ಯಾರ ಕೆಲಸ ಅಂತ ಎಲ್ಲೂ ಬರೆದಿಲ್ಲ. ಅವರು ಬರೆದದ್ದನ್ನು ಇವರು ಮುಟ್ಟುವುದಿಲ್ಲ, ಮರ್ಯಾದೆಗೋ, ಭಯಕ್ಕೋ, ಪುರುಸೊತ್ತಿಲ್ಲದೆಯೋ. ನನ್ನ ಪ್ರಕಾರ ಈ ಪತ್ರದಲ್ಲಿರುವ ಎಲ್ಲ ತೊಂದರೆಯ ಬೇರು ಇದೇ. ಆದ್ದರಿಂದ ಕ್ಯಾನ್ಸರ್ ಚಿಕಿತ್ಸೆ ಮುಗಿದ ದಿನ ನಮ್ಮ ಕೈಗೆ ಕೊಡುವ ಕಾಗದದಲ್ಲಿ ಒಂದು ಹೆಸರು ಇರಲಿ. ಇವರ ಚೀಲಕ್ಕೆ ಇನ್ನು ಮುಂದೆ ಇವರು ಜವಾಬ್ದಾರಿ ಅಂತ. ಡಾಕ್ಟರೇ ಆಗಬೇಕಿಲ್ಲ. ಫಾರ್ಮಸಿಸ್ಟ್ ಆಗಲಿ, ನರ್ಸ್ ಆಗಲಿ. ಫೋನ್ ಮಾಡಿದರೆ ಸಿಗುವ ಒಬ್ಬರು.

ಚೀಟಿಯಲ್ಲಿ ಪ್ರತಿ ಮಾತ್ರೆಯ ಮುಂದೆ ಎರಡು ಪದ ಜಾಸ್ತಿ ಬರೆಯಿರಿ: ಯಾಕೆ, ಎಲ್ಲಿಯವರೆಗೆ. "ಕೀಲು ನೋವಿಗೆ, 2 ವಾರ." ಅಷ್ಟೇ. ಇಷ್ಟಿದ್ದಿದ್ದರೆ ನನ್ನ 13ರಲ್ಲಿ ಅರ್ಧ ಹುಟ್ಟುತ್ತಲೇ ಇರಲಿಲ್ಲ. "ಕಂಟಿನ್ಯೂ" ಅಂತ ಬರೆಯುವುದನ್ನು ದಯವಿಟ್ಟು ಬಿಡಿ. ಕಂಟಿನ್ಯೂ ಅಂದರೆ ನೀವು ನೋಡಿ ಮುಂದುವರಿಸಿದ್ದೀರಿ ಅಂತ ನಾವು ತಿಳಿಯುತ್ತೇವೆ. ನೀವು ನೋಡಿರುವುದಿಲ್ಲ ಅಂತ ನಿಮಗೂ ಗೊತ್ತು.

ಹೊಸ ತೊಂದರೆ ಹೇಳಿಕೊಂಡು ಬಂದಾಗ, ಹೊಸ ಮಾತ್ರೆ ಬರೆಯುವ ಮೊದಲು, ಇದು ಹಳೇ ಮಾತ್ರೆಯ ಕೆಲಸ ಇರಬಹುದಾ ಅಂತ ಒಂದು ಸಲ ಯೋಚಿಸಿ. ಜೋರಾಗಿ, ನಮ್ಮ ಮುಂದೆಯೇ ಯೋಚಿಸಿ. ನಮಗೂ ಕಲಿಯಲು ಆಗುತ್ತದೆ.

ಇನ್ನು ಬದುಕಿನ ಗುಣಮಟ್ಟದ ಮಾತು. ಸ್ಕ್ಯಾನ್ ಕ್ಲೀನ್ ಇದೆ ಅಂದ ತಕ್ಷಣ ನಿಮ್ಮ ಮುಖ ಅರಳುತ್ತದೆ, ನಮಗೂ ಸಂತೋಷವೇ. ಆದರೆ ಆಮೇಲೆ ನಾವು ಹೇಳುವ ಸುಸ್ತು, ಬಾಯಿ ಒಣಗುವುದು, ಮಲಬದ್ಧತೆ, ಮರೆವು, ಇವೆಲ್ಲ ಕೃತಜ್ಞತೆ ಇಲ್ಲದವರ ಗೊಣಗಾಟದ ಹಾಗೆ ಕೇಳಿಸುತ್ತದೋ ಏನೋ. ಇದನ್ನು ಅಳೆಯುವುದಕ್ಕೆ ನಿಮ್ಮ ಹತ್ತಿರ ಸಾಧನ ಇಲ್ಲ ಅಂತೇನೂ ಅಲ್ಲ. ಯುರೋಪಿನ ಕ್ಯಾನ್ಸರ್ ಸಂಶೋಧಕರು 1993ರಲ್ಲೇ 30 ಪ್ರಶ್ನೆಗಳ ಒಂದು ಹಾಳೆ ಪ್ರಕಟಿಸಿದ್ದಾರೆ, ಕ್ಯೂಎಲ್‌ಕ್ಯೂ-ಸಿ30 ಅಂತ. ನಿದ್ದೆ ಬಂತಾ, ಮಲಬದ್ಧತೆ ಇತ್ತಾ, ನೆನಪಿಟ್ಟುಕೊಳ್ಳಲು ಕಷ್ಟ ಆಯಿತಾ ಅಂತೆಲ್ಲ ಕೇಳಿ, ಕೊನೆಯಲ್ಲಿ ಹೋದ ವಾರ ನಿಮ್ಮ ಬದುಕು ಒಟ್ಟಾರೆ ಹೇಗಿತ್ತು, 1ರಿಂದ 7ರೊಳಗೆ ಎಷ್ಟು ಕೊಡುತ್ತೀರಿ ಅಂತ ಕೇಳುತ್ತದೆ. ಐದು ವರ್ಷದಲ್ಲಿ ಅದನ್ನು ನನ್ನ ಕೈಗೆ ಯಾರೂ ಕೊಟ್ಟಿಲ್ಲ. ಪೇಷಂಟ್ ಹೇಳುವುದನ್ನು ಕೇಳುವುದು ಬರೀ ಉಪಚಾರದ ಮಾತಲ್ಲ. ಹರಡಿದ ಕ್ಯಾನ್ಸರ್ ಇದ್ದು ಕೀಮೋದಲ್ಲಿದ್ದವರು ತಮ್ಮ ತೊಂದರೆಗಳನ್ನು ಕಂಪ್ಯೂಟರಿನಲ್ಲಿ ಆಗಾಗ ತುಂಬಿ, ತೊಂದರೆ ಜೋರಾದಾಗ ನರ್ಸ್‌ಗಳಿಗೆ ಸುದ್ದಿ ಹೋಗುವ ಹಾಗೆ ಮಾಡಿದ ಒಂದು ಅಧ್ಯಯನ 2017ರಲ್ಲಿ ಬಂತು. ಹಾಗೆ ತುಂಬಿದವರಲ್ಲಿ ಅರ್ಧ ಜನ 31.2 ತಿಂಗಳಿಗಿಂತ ಹೆಚ್ಚು ಬದುಕಿದರು, ಮಾಮೂಲಿ ಚಿಕಿತ್ಸೆಯವರಲ್ಲಿ ಅರ್ಧ ಜನ 26 ತಿಂಗಳಿಗಿಂತ ಹೆಚ್ಚು. ಐದು ತಿಂಗಳು ಜಾಸ್ತಿ, ಬರೀ ಕೇಳಿಸಿಕೊಂಡದ್ದಕ್ಕೆ ಅಂತಲೇ ಅನ್ನಬಹುದು. ಹೊಸ ಔಷಧಿಯೊಂದು ಇಷ್ಟು ಮಾಡಿದ್ದರೆ ಎಷ್ಟು ಸದ್ದಾಗುತ್ತಿತ್ತು ನೀವೇ ಹೇಳಿ.

ಕಾಯಿಲೆ ವಾಸಿಯಾಗದೆ ಕೊನೆಯ ದಿನಗಳಲ್ಲಿ ಇರುವವರ ಬಗ್ಗೆಯೂ ಒಂದು ಮಾತು. ಅವರ ಚೀಲವನ್ನು ಯಾರೂ ಮುಟ್ಟುವುದಿಲ್ಲ, ಮುಟ್ಟಿದರೆ ಕೈಬಿಟ್ಟ ಹಾಗೆ ಅಂತ ಭಯ. 2015ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. ಹೆಚ್ಚು ದಿನ ಉಳಿಯುವ ನಿರೀಕ್ಷೆ ಇಲ್ಲದ 381 ಜನ, ಅವರಲ್ಲಿ ಸುಮಾರು ಅರ್ಧ ಜನಕ್ಕೆ ಕ್ಯಾನ್ಸರ್. ಕೆಲವರ ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಿದರು, ಉಳಿದವರದು ಮುಂದುವರಿಸಿದರು. 60 ದಿನದೊಳಗೆ ತೀರಿಕೊಂಡವರ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನಿಲ್ಲಿಸಿದವರ ಬದುಕಿನ ಗುಣಮಟ್ಟ ಸ್ವಲ್ಪ ಮೇಲೇ ಇತ್ತು. ಇಪ್ಪತ್ತು ವರ್ಷದ ಆಮೇಲಿನ ಹಾರ್ಟ್ ಅಟ್ಯಾಕ್ ತಡೆಯುವ ಮಾತ್ರೆಯನ್ನು, ನುಂಗಲೂ ತ್ರಾಣವಿಲ್ಲದವರ ಬಾಯಿಗೆ ಹಾಕುವಾಗ ಯಾರಿಗಾಗಿ ಹಾಕುತ್ತಿದ್ದೇವೆ?

ಪುರುಸೊತ್ತಿಲ್ಲ ಅಂತ ನೀವು ಹೇಳುತ್ತೀರಿ. ನಿಜ, ಹೊರಗೆ ಬೆಂಚಿನ ಮೇಲೆ ಕೂತವರನ್ನು ನಾನೂ ನೋಡಿದ್ದೇನೆ, ನಾನೂ ಅಲ್ಲೇ ಕೂತವಳು. ಆದರೆ ನನ್ನ ಚೀಲ ನೋಡಲು ಆ ಫಾರ್ಮಸಿಸ್ಟ್‌ಗೆ ಹಿಡಿದದ್ದು 40 ನಿಮಿಷ. ನನ್ನ ಮಣಿಕಟ್ಟಿಗೆ ಎಮರ್ಜೆನ್ಸಿ, ಎಕ್ಸ್‌ರೇ, ಪ್ಲಾಸ್ಟರ್, ಮೂರು ಫಾಲೋ-ಅಪ್, ಆರು ವಾರದ ಫಿಸಿಯೋ, ಇವೆಲ್ಲ ಎಷ್ಟು ಜನರ ಎಷ್ಟು ನಿಮಿಷ ತಿಂದವು ಅಂತ ಆಸ್ಪತ್ರೆ ನಡೆಸುವವರು ಒಂದು ಸಲ ಕೂಡಿಸಿ ನೋಡಲಿ. ಚೀಲ ನೋಡುವುದನ್ನು ಒಂದು ಕೆಲಸ ಅಂತ ಲೆಕ್ಕಕ್ಕೆ ಹಿಡಿಯಿರಿ, ಅದಕ್ಕೊಂದು ಹೊತ್ತು, ಒಂದು ಕುರ್ಚಿ, ಒಂದು ಸಂಬಳ ಇಡಿ. ಈಗ ಅದು ಯಾರದೋ ಒಳ್ಳೆಯತನದ ಮೇಲೆ ನಡೆಯುತ್ತಿದೆ.

ಮುಂದಿನ ತಿಂಗಳು ನನಗೆ ಫಾಲೋ-ಅಪ್ ಇದೆ. ಚೀಲ ತರುತ್ತೇನೆ, ಕೇಳದಿದ್ದರೂ ತರುತ್ತೇನೆ. ಮೇಜಿನ ಮೇಲೆ ಸ್ವಲ್ಪ ಜಾಗ ಮಾಡಿಟ್ಟಿರಿ.

ಇಂತಿ,
ನಿಮ್ಮ ಒಬ್ಬ ಪೇಷಂಟ್